ಹಿರಿಯ ಸೇನಾಧಿಕಾರಿಯವರ ವಿದೇಶ ಭೇಟಿಗೆಂದು ಆಯ್ಕೆಯಾದ ಎರಡು ಮೊಳದ ಕೌದಿಯ ಕುರಿತು

ಮೈತ್ರಿ ಉಡುಗೊರೆ ಮತ್ತು ಸದ್ಭಾವನಾ ಸಾಮಗ್ರಿ ಇಲಾಖೆ
ಗಡಿಭಾಗದ ಶಿಬಿರ ಕಚೇರಿ, ಉಮರ್ಗಾ
(ನಿಲಂಗಾ ಮತ್ತು ಉದಗೀರ ತಾಲೂಕುಗಳ ಹೆಚ್ಚುವರಿ ಪ್ರಭಾರ ಸಹಿತ)

ಸಂಖ್ಯೆ: ಮೈಉಇ/ಗಶಿ/ಕೌದಿ-1/ಹೊಟ್ಟೆ/2025
ದಿನಾಂಕ: 17-11-2025

ಸುತ್ತೋಲೆ

ವಿಷಯ: ಹಿರಿಯ ಸೇನಾಧಿಕಾರಿಯವರ ಮಿತ್ರರಾಷ್ಟ್ರ ಭೇಟಿಯ ರಾಜತಾಂತ್ರಿಕ ಪೂರ್ವಸಿದ್ಧತೆ – ಉಡುಗೊರೆಯಾಗಿ ಆಯ್ಕೆಗೊಂಡ ಕೌದಿ (ಒಂದು) – ಅದರ ಉದ್ದ, ಅಗಲ, ಹಸಿವು ಮತ್ತು ಸದ್ಯದ ವಾಸಸ್ಥಳದ ಬಗ್ಗೆ ಸ್ಪಷ್ಟೀಕರಣ.

ಉಲ್ಲೇಖ:
1. ರಾಜಧಾನಿಯ ಕಚೇರಿಯ ಪತ್ರ: “ಗಡಿಭಾಗದಿಂದ ಬೆಚ್ಚನೆಯ ವಸ್ತುವೊಂದನ್ನು ಕಳಿಸುವುದು”, ದಿ. 20-08-2025.
2. ಮಿತ್ರರಾಷ್ಟ್ರದ ಕೃತಜ್ಞತಾ ಪತ್ರ (ವಸ್ತು ತಲುಪುವ ಮುನ್ನವೇ ಬಂದದ್ದು).
3. ಈ ಕಚೇರಿಯ ಸುತ್ತೋಲೆ: “ಪ್ರಾಯೋಗಿಕ ನಿದ್ರೆ”, ದಿ. 06-10-2025.
4. ಯೆಣೆಗೂರದ ಶ್ರೀಮತಿ ಶಿವಗಂಗಾಬಾಯಿಯವರ ಮೌಖಿಕ ಅರ್ಜಿಗಳು, ಒಟ್ಟು ಹನ್ನೊಂದು.

(ಸೂಚನೆ: ಈ ಸುತ್ತೋಲೆಯನ್ನು ಗಡಿಭಾಗದ ಜನರ ಅನುಕೂಲಕ್ಕಾಗಿ ಕನ್ನಡದಲ್ಲಿಯೂ ಹೊರಡಿಸಲಾಗಿದೆ. ಮರಾಠಿ ಪ್ರತಿಗೂ ಕನ್ನಡ ಪ್ರತಿಗೂ ವ್ಯತ್ಯಾಸ ಕಂಡುಬಂದಲ್ಲಿ, ಕಂಡವರು ಸುಮ್ಮನಿರತಕ್ಕದ್ದು.)

ಪ್ರಸ್ತಾವನೆ

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಹಿರಿಯ ಸೇನಾಧಿಕಾರಿಯವರೊಬ್ಬರು ಮುಂದಿನ ತಿಂಗಳು ಮಿತ್ರರಾಷ್ಟ್ರವೊಂದಕ್ಕೆ ಭೇಟಿ ನೀಡಲಿರುತ್ತಾರೆ. ಮಿತ್ರರಾಷ್ಟ್ರದ ಹೆಸರು ಗೋಪ್ಯವಾಗಿದ್ದು, ಈ ಕಚೇರಿಗೂ ತಿಳಿಸಲಾಗಿರುವುದಿಲ್ಲ. ಅಲ್ಲಿ ಚಳಿ ಹೆಚ್ಚು ಎಂಬುದಷ್ಟೇ ಉಲ್ಲೇಖ (1)ರಿಂದ ತಿಳಿದುಬರುತ್ತದೆ. ಅಲ್ಲಿನ ಸೇನಾಧಿಪತಿಯವರಿಗೆ ಅರ್ಪಿಸಲು ಬೆಚ್ಚನೆಯ ವಸ್ತುವೊಂದನ್ನು ಆರಿಸುವ ಹೊಣೆ ಈ ಕಚೇರಿಯ ಪಾಲಿಗೆ ಬಂದಿತು. ನಿಲಂಗಾದಿಂದ ಬಂದ ಕಂಬಳಿ ಚುಚ್ಚುತ್ತದೆಂದು ತಿರಸ್ಕರಿಸಲಾಯಿತು. ಉದಗೀರದಿಂದ ಬಂದ ಕಂಬಳಿ ಚುಚ್ಚದೆ ಇದ್ದುದರಿಂದ ಅದು ಅಸಲಿಯಲ್ಲವೆಂದು ತಿರಸ್ಕರಿಸಲಾಯಿತು.

ಆ ಬಳಿಕ ಉಪನಿರ್ದೇಶಕರ ವಾಹನವು ಯೆಣೆಗೂರದ ಢಾಬಾವೊಂದರ ಮುಂದೆ ಚಹಾದ ನಿಮಿತ್ತ ನಿಂತಿರಲಾಗಿ, ರಸ್ತೆಯಾಚೆಯ ಒಕ್ಕಲಿನ ಮನೆಯ ಕಟ್ಟೆಯ ಮೇಲೆ ಶ್ರೀಮತಿ ಶಿವಗಂಗಾಬಾಯಿಯವರು ಹೊಲಿಯುತ್ತಿದ್ದ ಕೌದಿಯು ಕಣ್ಣಿಗೆ ಬಿದ್ದಿತು. ಅವರ ತಾಯಿಯ ಇಳಕಲ್ಲ ಸೀರೆ, ಅವರ ಸ್ವಂತ ಮದುವೆಯ ಸೀರೆ, ಅವರ ಮಗಳು ವೈಷ್ಣವಿ ಚಿಕ್ಕಂದಿನಲ್ಲಿ ಉಟ್ಟ ಲಂಗ, ಇವುಗಳ ತುಂಡುಗಳು ಅದರಲ್ಲಿ ಒಂದನ್ನೊಂದು ಹಿಡಿದುಕೊಂಡು ಕೂತಿದ್ದವು. ಕೂಡಲೇ ಛಾಯಾಚಿತ್ರ ತೆಗೆಯಲಾಯಿತು. ಚಿತ್ರದಲ್ಲಿ ಪಕ್ಕದ ಎಮ್ಮೆ ಬಾರದಿರಲೆಂದು ತೀರ ಹತ್ತಿರದಿಂದ ತೆಗೆದ ಕಾರಣ, ಕೌದಿಯು ಎಷ್ಟು ದೊಡ್ಡದೆಂಬುದೂ ಚಿತ್ರದಲ್ಲಿ ಬಾರದೆ ಹೋಯಿತು. ರಾಜಧಾನಿಯಲ್ಲಿ ಅದನ್ನು ಗೋಡೆಯಷ್ಟು ಹಿಗ್ಗಿಸಿ ನೋಡಲಾಗಿ, ಅದು ಗೋಡೆಯಷ್ಟೇ ದೊಡ್ಡದೆಂದು ಸರ್ವಾನುಮತದಿಂದ ಒಪ್ಪಲಾಯಿತು. ಚಿತ್ರವು ಮಿತ್ರರಾಷ್ಟ್ರಕ್ಕೆ ಹೋಯಿತು. ಕೃತಜ್ಞತಾ ಪತ್ರವು ಬಂದಿತು. ಇನ್ನು ಉಳಿದದ್ದು ಕೌದಿಯನ್ನು ತರುವುದೊಂದೇ.

ತರಲು ಹೋದ ಇಬ್ಬರು ನೌಕರರನ್ನು ಶಿವಗಂಗಾಬಾಯಿಯವರು ನೀರು ಬೆಲ್ಲ ಕೊಟ್ಟು ಮರಳಿ ಕಳಿಸಿದ್ದರಿಂದ, ಮೂರನೆಯ ಸಲ ಕ್ಷೇತ್ರ ಸಹಾಯಕ ಶ್ರೀ ರಾಚಯ್ಯನವರನ್ನು ನಿಯೋಜಿಸಲಾಯಿತು. ಇದನ್ನು ಯೋಚಿಸಿಯೇ ಮಾಡಲಾಗಿದೆ. ಶ್ರೀಯುತರು ಜಂಗಮ ಮನೆತನದವರು. ಆ ಕಡೆಯ ಶಿವಭಕ್ತರ ಬಾಗಿಲಿಗೆ ಅಯ್ಯನವರು ಬಂದು ನಿಂತರೆ ಬರಿಗೈಯಲ್ಲಿ ಕಳಿಸುವ ರೂಢಿಯಿಲ್ಲ. ರಾಚಯ್ಯನವರು ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಆ ರೂಢಿಯನ್ನು ಸರಕಾರಿ ಕೆಲಸಕ್ಕೆ ಎಂದೂ ಬಳಸಿದವರಲ್ಲ. ಅಂದು ಹೊಸ್ತಿಲಿನಾಚೆ ನಿಂತು, ಹೆಗಲ ಜೋಳಿಗೆಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡು, ಕೇಳಬೇಕಾದ್ದನ್ನು ನೆಲ ನೋಡುತ್ತ ಕೇಳಿದರು. ಶಿವಗಂಗಾಬಾಯಿಯವರು ತಲೆಯ ಮೇಲೆ ಸೆರಗೆಳೆದುಕೊಂಡು ಶರಣೆಂದರು. ಆಮೇಲೆ ಕೌದಿಯಿಂದ ಸೂಜಿಯನ್ನು ಬಿಡಿಸಿಕೊಂಡು ನುಡಿದದ್ದನ್ನು ರಾಚಯ್ಯನವರು ಯಥಾವತ್ತಾಗಿ ದಾಖಲಿಸಿರುತ್ತಾರೆ:

“ಅಯ್ನೋರ, ನೀವು ಕೈ ಒಡ್ಡೀರಿ, ನಾ ಇಲ್ಲ ಅನ್ನಲಾಕ ಬರಲ್ಲ. ಆದ್ರ ಇದು ನಮ್ಮ ವೈಷ್ಣವಿ ಕೂಸಿಂದು ಅದ. ದಸರಾ ದಾಟಿದ ಮ್ಯಾಲ ಆಕಿಗೆ ದಿನಾ ತುಂಬ್ತಾವ. ಅಷ್ಟರಾಗ ತಂದು ಕೊಡ್ರಿ.”

ರಾಚಯ್ಯನವರು ಎಂಟು ದಿನದಲ್ಲಿ ತಂದು ಕೊಡುವುದಾಗಿ ಮಾತು ಕೊಟ್ಟರು. ಮಾತು ಕೊಡುವ ಅಧಿಕಾರವು ಕ್ಷೇತ್ರ ಸಹಾಯಕರ ದರ್ಜೆಗೆ ಇರುವುದಿಲ್ಲ.

ಕೌದಿಯು ಕಚೇರಿಗೆ ಬಂದ ಮೇಲೆ ಅಳೆಯಲಾಯಿತು. ಉದ್ದ ಎರಡು ಮೊಳ, ಅಗಲ ಒಂದೂವರೆ. ಮಿತ್ರರಾಷ್ಟ್ರದ ಸೇನಾಧಿಪತಿಯವರ ಎತ್ತರ ನಾಲ್ಕು ಮೊಳ ಮೂರು ಅಂಗುಲ. ಇದಲ್ಲದೆ ಕೌದಿಯ ಒಂದು ಅಂಚಿನಲ್ಲಿ ಗೇಣುದ್ದ ಹೊಲಿಗೆ ಹಾಕದೆ ಬಿಟ್ಟಿರುವುದೂ ಕಂಡುಬಂದಿತು. ವಿಚಾರಿಸಲಾಗಿ ಶಿವಗಂಗಾಬಾಯಿಯವರು, ಅದು ಕೌದಿಯ ಹೊಟ್ಟೆಯೆಂದೂ, ತೊಟ್ಟಿಲ ಕಾರ್ಯದ ದಿನ ಅದರೊಳಗೆ ಒಂದು ಚಿಟಿಕೆ ಜೋಳ, ಒಂದು ಚೂರು ಹೋಳಿಗೆ ಇಟ್ಟು ಬಾಯಿ ಹೊಲಿದು, ಆಮೇಲೆಯೇ ಕೂಸನ್ನು ಮಲಗಿಸುವುದೆಂದೂ ತಿಳಿಸಿದರು. “ಹಸದ ಕೌದಿ ಕೂಸಿನ ನಿದ್ದಿ ತಿಂತದ ನೋಡ್ರಿ” ಎಂಬುದು ಅವರು ಕೊಟ್ಟ ಕಾರಣ. ಹೇಳಿಕೆಯನ್ನು ಇತರೆಡೆ ತಾಳೆ ನೋಡಲಾಗಿದೆ. ನಿಲಂಗಾದಲ್ಲಿ ಜೋಳಕ್ಕೆ ಬದಲು ರೊಟ್ಟಿಯ ಚೂರು; ಜಳಕೋಟದಲ್ಲಿ ಬೆಲ್ಲ; ಮಾಕಣಿಯಲ್ಲಿ ಜೋಳವೇ, ಆದರೆ ಏಳು ಕಾಳು, ಎಣಿಸಿದವರು ಬಾಯಿ ಬಿಟ್ಟು ಹೇಳಬಾರದು; ಉದಗೀರದಲ್ಲಿ ಕೇಳಿದ ಐವರಲ್ಲಿ ನಾಲ್ವರು ಜೋಳವೆಂದರು, ಒಬ್ಬರು ನಿಮಗೇಕೆ ಎಂದರು. ಕೌದಿಯನ್ನು ಹಸಿದಂತೆಯೇ ಹಾಸಬಹುದೆಂದು ಕೇಳಿದ ಯಾವ ಊರಿನಲ್ಲಿಯೂ ಯಾರೂ ಹೇಳಿರುವುದಿಲ್ಲ.

ಕಡತವು ರಾಜಧಾನಿಗೆ ಹೋಗಿ ಬರುವಷ್ಟರಲ್ಲಿ ಎಂಟು ದಿನವು ಮೂವತ್ತಾಯಿತು. ಕೌದಿಯು ಕಬ್ಬಿಣದ ಕಪಾಟಿನಲ್ಲಿ ಬೀಗದೊಳಗಿತ್ತು. ಶಿವಗಂಗಾಬಾಯಿಯವರು ಉಮರ್ಗಾದ ಸಂತೆಗೆ ಬಂದಾಗಲೂ, ಸಂತೆಯಿಲ್ಲದ ದಿನ ಅದಕ್ಕೆಂದೇ ಎಸ್.ಟಿ. ಬಸ್ಸು ಹತ್ತಿ ಬಂದಾಗಲೂ ಕಚೇರಿಯ ಗೇಟಿನಲ್ಲಿ ನಿಂತು ಮೌಖಿಕ ಅರ್ಜಿ ಸಲ್ಲಿಸುತ್ತಿದ್ದರು. ಏಳನೆಯ ಅರ್ಜಿಯ ಪೂರ್ಣ ಪಾಠ: “ಎಂಟ ದಿನಾ ಅಂದ್ರ ನಿಮ್ಮ ಆಫೀಸಿನಾಗ ಎಷ್ಟ ದಿನಾರಿ, ಅಯ್ನೋರ?” ಅಂದಿನಿಂದ ರಾಚಯ್ಯನವರು ಹಿಂಬಾಗಿಲಿನಿಂದ ಓಡಾಡತೊಡಗಿದರು. ಮನೆಯಲ್ಲಿಯೂ ಅವರಿಗೆ ಊಟ ರುಚಿಸದಾಯಿತು. ಅವರ ಧರ್ಮಪತ್ನಿ ಶ್ರೀಮತಿ ಸುಮನಬಾಯಿಯವರು ರೊಟ್ಟಿ ಬಡಿಸುತ್ತ, “ಭಿಕ್ಷಾ ಬೇಡಿ ತಂದು ಸರಕಾರದ ಕಪಾಟಿನಾಗ ಇಟ್ಟ ಅಯ್ನೋರನ್ನ ನಾ ನಿಮ್ಮನ್ನೇ ನೋಡೀನಿ” ಎಂದದ್ದನ್ನು ಶ್ರೀಯುತರು ತಮ್ಮ ದಿನಚರಿಯಲ್ಲಿ ಯಾವುದೇ ಟಿಪ್ಪಣಿಯಿಲ್ಲದೆ ನಮೂದಿಸಿರುತ್ತಾರೆ.

ಈ ನಡುವೆ, ವಿದೇಶದಲ್ಲಿ ಮಾನ ಹೋಗದಿರಲೆಂದು ಉಲ್ಲೇಖ (3)ರ ಸುತ್ತೋಲೆ ಹೊರಡಿಸಿ, ಕೌದಿಯನ್ನು ಕಚೇರಿಯಲ್ಲಿಯೇ ಪ್ರಾಯೋಗಿಕವಾಗಿ ಹೊದ್ದು ಮಲಗಿ ನೋಡಲು ಆದೇಶಿಸಲಾಯಿತು. ಸಿಬ್ಬಂದಿಯು ಹೇಗಿದ್ದರೂ ನಿದ್ರಿಸುವ ವೇಳೆಯಾದ ಮಧ್ಯಾಹ್ನ 2.30ಕ್ಕೆ, ಕಚೇರಿಯಲ್ಲಿ ಎಲ್ಲರಿಗಿಂತ ಕುಳ್ಳಗಿರುವ ಜವಾನ ಶ್ರೀ ಕಾಶೆಪ್ಪನವರನ್ನು ಮೇಜಿನ ಮೇಲೆ ಮಲಗಿಸಲಾಯಿತು. ಅವರ ವರದಿ: “ಎದಿ ಮುಚ್ಚಿದ್ರ ಕಾಲು ಅಳ್ತಾವ, ಕಾಲು ಮುಚ್ಚಿದ್ರ ಎದಿ ಅಳ್ತದ ಸಾಹೇಬರ. ನಡು ಅಷ್ಟೇ ಸುಖಾ ಅದ.” ಕೌದಿಗೆ ನಾಲ್ಕೂ ಬದಿಗೆ ಹೊಸ ಬಟ್ಟೆ ಜೋಡಿಸಿ ಬೆಳೆಸುವ ಪ್ರಸ್ತಾವವನ್ನು ಶಿವಗಂಗಾಬಾಯಿಯವರ ಮುಂದಿಡಲಾಗಿ, “ಕೌದಿ ಬೆಳಿಯಾದಲ್ರಿ, ಕೂಸು ಬೆಳಿತದ” ಎಂದು ತಿರಸ್ಕರಿಸಿದರು.

ಆದರೆ ಸದರಿ ಸುತ್ತೋಲೆಯ ಕಂಡಿಕೆ 3(ಇ) ಹೀಗಿತ್ತು: “ಕೌದಿಯ ಅಳತೆಗೆ ತಕ್ಕ ವ್ಯಕ್ತಿ ದೊರೆತಲ್ಲಿ, ಆ ವ್ಯಕ್ತಿ ಇರುವ ಸ್ಥಳಕ್ಕೇ ಕೌದಿಯನ್ನು ಒಯ್ದು ಪ್ರಾಯೋಗಿಕ ನಿದ್ರೆ ನಡೆಸತಕ್ಕದ್ದು.” ಬರೆದವರ ಸಹಿತ ಯಾರೂ ಇದನ್ನು ಓದಿದ್ದಿಲ್ಲ. ರಾಚಯ್ಯನವರು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದರು.

ದಿ. 16-10-2025ರಂದು ಉದಗೀರದ ಸೊಸೆ, ಯೆಣೆಗೂರದ ಮಗಳು ವೈಷ್ಣವಿಯವರು ತವರಿನಲ್ಲಿ ಹೆಣ್ಣು ಕೂಸಿಗೆ ಜನ್ಮವಿತ್ತರು. ತೊಟ್ಟಿಲ ಕಾರ್ಯವು ದಿ. 28ಕ್ಕೆ ನಿಶ್ಚಯವಾಯಿತು. ದಿ. 27ರಂದು ಉಪನಿರ್ದೇಶಕರ ಮುಂದೆ ರಾಚಯ್ಯನವರ ಟಿಪ್ಪಣಿ ಬಂದಿತು: “ಯೆಣೆಗೂರದಲ್ಲಿ ತಕ್ಕ ವ್ಯಕ್ತಿ ಲಭ್ಯ. ಉದ್ದ ಒಂದು ಮೊಳ ಎರಡು ಅಂಗುಲ. ಅನುಮತಿ ಕೋರಿದೆ.” ಆ ವ್ಯಕ್ತಿ ಸರಕಾರಿ ನೌಕರರೇ ಎಂದು ಉಪನಿರ್ದೇಶಕರು ಕೇಳಿದರು. ಸದ್ಯಕ್ಕೆ ಅಲ್ಲವೆಂದು ರಾಚಯ್ಯನವರು ಅರಿಕೆ ಮಾಡಿಕೊಂಡರು. ಸಹಿಯಾಯಿತು.

ಮರುದಿನ ಶ್ರೀಯುತರು ಕೌದಿಯನ್ನು ಜೋಳಿಗೆಯಲ್ಲಿಟ್ಟುಕೊಂಡು, ಎಸ್.ಟಿ.ಯಲ್ಲಿ ಸೀಟು ಸಿಕ್ಕರೂ ಕೂಡದೆ, ಯೆಣೆಗೂರಕ್ಕೆ ಹೋದರು. ತೊಟ್ಟಿಲು ಕಟ್ಟಿಯಾಗಿತ್ತು; ಅದರೊಳಗೆ ಅಂಗಡಿಯಿಂದ ತಂದ ಹೊಸ ದುಪಟಿಯೊಂದನ್ನು ಹಾಸಿದ್ದರು; ಕೂಸು ಅಳುತ್ತಿತ್ತು. ಶಿವಗಂಗಾಬಾಯಿಯವರು ಜೋಳಿಗೆಯನ್ನು ನೋಡಿದರು, ಎರಡೂ ಕೈ ಚಾಚಿ ಕೌದಿಯನ್ನು ತೆಗೆದುಕೊಂಡರು. ಸೂಜಿ ಅವರ ಸೆರಗಿನಲ್ಲಿಯೇ ಇತ್ತು. ಜೋಳ ಹಾಕಿದರು, ಹೋಳಿಗೆಯ ಚೂರಿಟ್ಟರು, ಗೇಣುದ್ದ ಬಾಯಿಯನ್ನು ಹೊಲಿದು ದಾರ ಕಡಿದರು. ಕೂಸನ್ನು ಮಲಗಿಸಿದ ಮೇಲೆ ರಾಚಯ್ಯನವರತ್ತ ತಿರುಗಿ, “ಜೋಳಿಗಿ ಹಗುರಾತು, ಅಯ್ನೋರ. ಈಗ ಉಣ್ಣಲಾಕ ಕೂಡ್ರಿ” ಎಂದರು. ಶ್ರೀಯುತರು ಐದು ಹೋಳಿಗೆ ಸೇವಿಸಿದರೆಂದು ವರದಿಯಿದೆ.

ಪ್ರಾಯೋಗಿಕ ನಿದ್ರೆಯು ಮೂರು ಗಂಟೆ ಹತ್ತು ನಿಮಿಷ ಯಶಸ್ವಿಯಾಗಿ ಜರುಗಿದ್ದು, ಕೊನೆಯಲ್ಲಿ ಸದರಿ ವ್ಯಕ್ತಿಯಿಂದ ಕೌದಿಯ ಮೇಲೆ ದ್ರವರೂಪದ ಷರಾ ದಾಖಲಾಗಿರುತ್ತದೆ.

ಆದ್ದರಿಂದ ಸಂಬಂಧಿಸಿದ ಎಲ್ಲರಿಗೂ ಈ ಕೆಳಗಿನಂತೆ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ:

1. ಕೌದಿಯ ಹೊಟ್ಟೆಯಲ್ಲಿ ಸದ್ಯ ಧಾನ್ಯವಿರುತ್ತದೆ. ಧಾನ್ಯವನ್ನು ದೇಶದ ಗಡಿ ದಾಟಿಸುವಂತಿಲ್ಲ. ಧಾನ್ಯವನ್ನು ಕೌದಿ ಬಿಡುವಂತಿಲ್ಲ. ಆದಕಾರಣ ಕೌದಿಯು ಗಡಿ ದಾಟುವಂತಿಲ್ಲ.

2. ಹೊಲಿಗೆ ಬಿಚ್ಚಿ ಧಾನ್ಯ ತೆಗೆಯಲು ಇಚ್ಛಿಸುವ ಸಿಬ್ಬಂದಿಯಿಂದ ಅರ್ಜಿ ಆಹ್ವಾನಿಸಲಾಗಿತ್ತು. ಈ ಬಗ್ಗೆ ಶಿವಗಂಗಾಬಾಯಿಯವರು, “ಬಿಚ್ಚಾವ್ರು ಬರ್ರಿ, ಕತ್ತರಿ ನಾನೇ ಕೊಡ್ತೀನಿ. ಆಮ್ಯಾಲ ಕೂಸಿಗಿ ಮಲಗಸೋದು ಮಾತ್ರ ನೀವೇ” ಎಂದು ಷರತ್ತು ವಿಧಿಸಿದ್ದು, ಇಲಾಖೆಯು ಷರತ್ತನ್ನು ಒಪ್ಪಿದೆ. ಅರ್ಜಿಗಳು ಬಂದಿರುವುದಿಲ್ಲ.

3. ಪ್ರಾಯೋಗಿಕ ನಿದ್ರೆಗೆ ಒಳಪಟ್ಟ ವ್ಯಕ್ತಿಯು ಸ್ವಹಸ್ತದಿಂದ ಲಿಖಿತ ವರದಿ ಸಲ್ಲಿಸುವವರೆಗೆ ಪ್ರಯೋಗವು ಮುಕ್ತಾಯವಾದಂತಲ್ಲ. ಸದರಿಯವರು ಅಕ್ಷರ ಕಲಿಯಲು ಅಂದಾಜು ಆರು ವರ್ಷ ಬೇಕಾಗುವುದು. ಅಲ್ಲಿಯವರೆಗೆ ಕೌದಿಯು ಅವರ ವಶದಲ್ಲಿಯೇ ಇರತಕ್ಕದ್ದು. ವರದಿಯನ್ನು ಬೇಗ ಕೊಡುವಂತೆ ಯಾರೂ ಒತ್ತಾಯಿಸತಕ್ಕದ್ದಲ್ಲ.

4. ಮಿತ್ರರಾಷ್ಟ್ರವು ಛಾಯಾಚಿತ್ರಕ್ಕೇ ಕೃತಜ್ಞತೆ ಸಲ್ಲಿಸಿರುವುದರಿಂದ ಉಡುಗೊರೆ ತಲುಪಿದೆಯೆಂದು ಭಾವಿಸತಕ್ಕದ್ದು. ಹಿರಿಯ ಸೇನಾಧಿಕಾರಿಯವರು ಭೇಟಿಯ ವೇಳೆ ಕೌದಿಯ ಮಾತನ್ನು ತಾವಾಗಿ ಎತ್ತತಕ್ಕದ್ದಲ್ಲ. ಮಿತ್ರರಾಷ್ಟ್ರದವರೇ ಕೇಳಿದಲ್ಲಿ, “ಅದು ಬಳಕೆಯಲ್ಲಿದೆ” ಎಂದಷ್ಟೇ ಉತ್ತರಿಸತಕ್ಕದ್ದು. ಇದು ಸತ್ಯವಾಗಿದ್ದು, ರಾಜತಾಂತ್ರಿಕವಾಗಿ ಇಂಥ ಅವಕಾಶ ವಿರಳ.

5. ಮಿತ್ರರಾಷ್ಟ್ರದ ಸೇನಾಧಿಪತಿಯವರು ಕೌದಿಯನ್ನು ಕಣ್ಣಾರೆ ಕಾಣಬಯಸಿದಲ್ಲಿ ಯೆಣೆಗೂರಕ್ಕೆ ದಯಮಾಡಿಸಬಹುದು. ಅಂಥ ಸಂದರ್ಭದಲ್ಲಿ:
(ಅ) ಬೂಟುಗಳನ್ನು ಕಟ್ಟೆಯ ಕೆಳಗೆ ಬಿಡತಕ್ಕದ್ದು;
(ಆ) ಗೌರವರಕ್ಷೆಯ ತುಕಡಿಯು ಹೆಜ್ಜೆ ಸಪ್ಪಳವಾಗದಂತೆ ತುದಿಗಾಲಿನಲ್ಲಿ ಸಾಗತಕ್ಕದ್ದು;
(ಇ) ತುತೂರಿಯನ್ನು ತರಬಹುದು, ಊದುವಂತಿಲ್ಲ;
(ಈ) ಇಪ್ಪತ್ತೊಂದು ತೋಪುಗಳ ವಂದನೆಗೆ ಬದಲಾಗಿ ತೊಟ್ಟಿಲನ್ನು ಇಪ್ಪತ್ತೊಂದು ಸಲ ತೂಗತಕ್ಕದ್ದು. ಎಣಿಕೆಯಲ್ಲಿ ತಪ್ಪಿದರೆ ಮೊದಲಿನಿಂದ.

6. ಇನ್ನು ಮುಂದೆ ಉಡುಗೊರೆಯ ಛಾಯಾಚಿತ್ರ ತೆಗೆಯುವಾಗ ಅಳತೆ ತಿಳಿಯಲೆಂದು ಎಮ್ಮೆಯನ್ನು ಕಡ್ಡಾಯವಾಗಿ ಸೇರಿಸತಕ್ಕದ್ದು. ಎಮ್ಮೆ ಲಭ್ಯವಿಲ್ಲದಲ್ಲಿ ಶ್ರೀ ಕಾಶೆಪ್ಪನವರನ್ನು ನಿಲ್ಲಿಸತಕ್ಕದ್ದು.

7. ಉಡುಗೊರೆ ಪಡೆಯುವ ಸಲುವಾಗಿ ಜಂಗಮ ನೌಕರರನ್ನು ಭಕ್ತರ ಬಾಗಿಲಿಗೆ ಕಳಿಸುವ ಪದ್ಧತಿಯನ್ನು ಈ ಕೂಡಲೇ ನಿಲ್ಲಿಸಲಾಗಿದೆ. ಅದು ಕೆಲಸ ಮಾಡುತ್ತದೆಂಬುದೇ ನಿಲ್ಲಿಸಲು ಕಾರಣ.

8. ಕ್ಷೇತ್ರ ಸಹಾಯಕ ಶ್ರೀ ರಾಚಯ್ಯನವರು ಅಧಿಕಾರವಿಲ್ಲದೆ ಮಾತು ಕೊಟ್ಟಿರುತ್ತಾರೆ. ಅಧಿಕಾರವಿಲ್ಲದೆ ಆ ಮಾತನ್ನು ಉಳಿಸಿಕೊಂಡಿರುತ್ತಾರೆ. ಮೊದಲ ತಪ್ಪಿಗೆ ನೋಟಿಸು ಕೊಡಲಾಗಿದೆ. ಎರಡನೆಯದಕ್ಕೆ ಈ ಇಲಾಖೆಯಲ್ಲಿ ಹಿಂದಿನ ನಿದರ್ಶನವಿಲ್ಲದ ಕಾರಣ ಯಾವ ನಮೂನೆಯೂ ಮುದ್ರಿತವಾಗಿರುವುದಿಲ್ಲ. ನಮೂನೆ ಬರುವವರೆಗೆ ಶ್ರೀಯುತರು ಮುಂಬಾಗಿಲಿನಿಂದ ಓಡಾಡಲು ಅನುಮತಿಸಲಾಗಿದೆ.

ಕೌದಿಯ ಹೊಟ್ಟೆ ತುಂಬಿರುವುದರಿಂದ ಕಡತವನ್ನು ಹೊಲಿದು ಮುಚ್ಚಲಾಗಿದೆ.

(ಸಹಿ)
ದಿಗಂಬರ
ಉಪನಿರ್ದೇಶಕರು
ಮೈತ್ರಿ ಉಡುಗೊರೆ ಮತ್ತು ಸದ್ಭಾವನಾ ಸಾಮಗ್ರಿ ಇಲಾಖೆ
ಶಿಬಿರ ಕಚೇರಿ, ಉಮರ್ಗಾ

ಪ್ರತಿಗಳು:
1. ರಾಜಧಾನಿಯ ಕಚೇರಿಗೆ – ಗೋಡೆಯ ಮೇಲಿನ ಚಿತ್ರವನ್ನು ಇಳಿಸುವ ಅಗತ್ಯವಿಲ್ಲ ಎಂಬ ಮಾಹಿತಿಗಾಗಿ.
2. ಹಿರಿಯ ಸೇನಾಧಿಕಾರಿಯವರ ಆಪ್ತ ಕಾರ್ಯದರ್ಶಿಯವರಿಗೆ – ಕಂಡಿಕೆ 4ರ ಉತ್ತರವನ್ನು ಬಾಯಿಪಾಠ ಮಾಡಿಸಲು.
3. ನಿಲಂಗಾ ಮತ್ತು ಉದಗೀರದ ಕಂಬಳಿ ನೇಕಾರರಿಗೆ – ಸಾಂತ್ವನಕ್ಕಾಗಿ.
4. ಶ್ರೀ ಕಾಶೆಪ್ಪ, ಜವಾನ – ಎಮ್ಮೆಯ ಗೈರುಹಾಜರಿಯಲ್ಲಿ ಸಿದ್ಧರಿರಲು.
5. ಶ್ರೀಮತಿ ಸುಮನಬಾಯಿ, ಉಮರ್ಗಾ – ಶ್ರೀ ರಾಚಯ್ಯನವರಿಗೆ ಇನ್ನು ರೊಟ್ಟಿಯೊಂದಿಗೆ ಚುಚ್ಚುಮಾತು ಬಡಿಸದಿರಲು ವಿನಂತಿಸಿ.
6. ಶ್ರೀಮತಿ ಶಿವಗಂಗಾಬಾಯಿ, ಯೆಣೆಗೂರ – ಅವರ ಹನ್ನೊಂದೂ ಮೌಖಿಕ ಅರ್ಜಿಗಳಿಗೆ ಉತ್ತರವಾಗಿ.
7. ಕುಮಾರಿ ಮೀನಲ, ವಯಸ್ಸು ಒಂದು ತಿಂಗಳು, ಪ್ರಾಯೋಗಿಕ ನಿದ್ರಾಧಿಕಾರಿ, ಯೆಣೆಗೂರ – ಎದ್ದ ಮೇಲೆ ಓದಿ ಹೇಳತಕ್ಕದ್ದು. ಇದಕ್ಕಾಗಿ ಎಬ್ಬಿಸತಕ್ಕದ್ದಲ್ಲ.