ಇನ್ನೊಬ್ಬರಿಗೆ ಜಾಗವಿದೆ

ಬೆಳಗಿನ ರೇಡಿಯೋದಲ್ಲಿ ಒಬ್ಬ ಮುದುಕ ಸತ್ಯ ಹೇಳಿಬಿಟ್ಟ. ಕನ್ನಡಕದಕ್ಕನ ಪಾಡಿಗೆಲ್ಲ ಅದೇ ಮೂಲ.

ಆ ಹೊತ್ತಿಗೆ ಅವಳು ಅಡುಗೆಮನೆಯ ಪಕ್ಕದ ಪುಟ್ಟ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಕೂರಿಸುತ್ತಿದ್ದಳು. ಆರು ವರ್ಷ ಆ ಕೋಣೆಯಲ್ಲಿ ಮೈದುನ ಕಾಲು ಚಾಚಿಕೊಂಡಿದ್ದ. ಹೋದ ವಾರ ಮದುವೆಯಾಗಿ ಬೇರೆ ಮನೆ ಮಾಡಿದ. ಅವನನ್ನು ಕಳಿಸಿಕೊಡುವಾಗ ಅವಳು ಅತ್ತದ್ದು ನೋಡಿ ಎಲ್ಲರೂ "ಎಂಥ ಅತ್ತಿಗೆ!" ಎಂದು ಕರಗಿಹೋದರು. ಅದು ಬಿಡುಗಡೆಯ ಅಳು ಎಂದು ತಿದ್ದಲು ಅವಳೇನೂ ಹೋಗಲಿಲ್ಲ.

ಇವತ್ತು ಕನ್ನಡಕದಂಗಡಿಗೆ ರಜೆ ಹಾಕಿದ್ದಳು. ಕೋಣೆಗೆ ಒಂದು ಮೇಜು, ಒಂದು ಕುರ್ಚಿ ಸಾಕು. ಅಲ್ಲಿ ಕೂತು ಏನು ಮಾಡುವುದೆಂದು ಕೇಳಿದ್ದರೆ ಅವಳಲ್ಲಿ ಉತ್ತರವಿರಲಿಲ್ಲ. ಬಾಗಿಲು ಹಾಕಿಕೊಂಡಿರಬೇಕು, "ಏನೇ, ಎಲ್ಲಿದೀಯ?" ಎಂದು ಗಂಡ ಕೂಗಬೇಕು, ತಾನು ಓಗೊಡಬಾರದು. ಸದ್ಯಕ್ಕೆ ಅಷ್ಟೇ ಯೋಜನೆ.

ರೇಡಿಯೋದಲ್ಲಿ ಆ ಹಾಡಿಗೆ ಮೂವತ್ತು ವರ್ಷ ತುಂಬಿದ ಸಂಭ್ರಮ. ನೆರೆ ಬಂದ ವರ್ಷ, ಮನೆ ಕಳೆದುಕೊಂಡವರ ನೆರವಿಗೆಂದು ನಾಡಿನ ಹೆಸರಾಂತ ಗಾಯಕರೆಲ್ಲ ಒಂದೇ ಮೈಕಿನ ಮುಂದೆ ಹೆಗಲಿಗೆ ಹೆಗಲು ಕೊಟ್ಟು ಹಾಡಿದ್ದು: "ಇರುವುದೊಂದೇ ಕೋಣೆಯಾದರೂ ಇನ್ನೊಬ್ಬರಿಗೆ ಜಾಗವಿದೆ." ಕೇಳಿದವರು ಕಂಬಳಿ ಕೊಟ್ಟರು, ಪಾತ್ರೆ ಕೊಟ್ಟರು, ಕೆಲವರು ನಿಜವಾಗಿಯೂ ಕೋಣೆ ಕೊಟ್ಟರು. ಆಮೇಲೆ ಹಾಡು ಶಾಲೆ ಸೇರಿತು, ಲಿಫ್ಟು ಸೇರಿತು. ಈಗ ತುಂಬಿದ ಬಸ್ಸಿಗೆ ಜನರನ್ನು ತುರುಕುವಾಗ ಕಂಡಕ್ಟರುಗಳೂ ಅದನ್ನೇ ಹಾಡುತ್ತಾರೆ.

"ಬರೀಬೇಕಾಗಿದ್ದ ಕವಿಗಳು ಬರಲೇ ಇಲ್ಲ," ಎನ್ನುತ್ತಿದ್ದ ರೇಡಿಯೋದ ಮುದುಕ, ಆಗಿನ ಸ್ಟುಡಿಯೋದ ಧ್ವನಿ ತಂತ್ರಜ್ಞ. "ನಮ್ಮ ಟೈಪಿಸ್ಟ್ ಹುಡುಗಿ ಕೂತು ಬರೆದುಕೊಟ್ಳು. ರೆಕಾರ್ಡಿನ ಮೇಲೆ ಅವಳ ಹೆಸರು ಹಾಕೋಕೂ ಮರೆತ್ವಿ. ಈಗ ಸೇತುವೆ ಹತ್ರದ ಕನ್ನಡಕದಂಗಡೀಲಿದಾಳೆ. ನನ್ನ ಕನ್ನಡಕ ಕೂಡ ಅವಳೇ ಕೊಟ್ಟಿದ್ದು!"

ಕನ್ನಡಕದಕ್ಕನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. ಎದೆಯಲ್ಲಿ ಏನೋ ಹಿತವಾಗಿ ಉಬ್ಬಿತು. ಅದು ಪೂರ್ತಿ ಉಬ್ಬುವಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಬಂದವನು ಮೇಲಿನ ಮನೆಯ ಡ್ರಮ್ ಮೇಷ್ಟ್ರು, ಹೊಟ್ಟೆಗೆ ಆತುಕೊಂಡ ದೊಡ್ಡ ಡ್ರಮ್ಮಿನ ಸಮೇತ. "ಅಕ್ಕಾ, ನೀವಾ! ಇಷ್ಟು ವರ್ಷ ಬಾಯೇ ಬಿಡಲಿಲ್ಲ! ನೋಡಿ, ಮನೇಲಿ ಇದಕ್ಕೆ ಜಾಗ ಇಲ್ಲ ಅಂತ ಹೆಂಡ್ತಿ ಹಟ ಹಿಡಿದಿದಾಳೆ. ಈ ಹಾಡು ಬರೆದವರಿಗೆ ನಾನು ಬಿಡಿಸಿ ಹೇಳಬೇಕಾ?"

ಹೇಳಬೇಕಾಗಿರಲಿಲ್ಲ. ಡ್ರಮ್ಮು ಆಗಲೇ ಒಳಗೆ ಉರುಳಿತ್ತು.

ಹಿಂದೆಯೇ ಕೆಳಗಿನ ಮನೆಯ ದರ್ಜಿಯಮ್ಮ, ಬಗಲಿಗೊಂದರಂತೆ ತಲೆಯಿಲ್ಲದ ಎರಡು ಗೊಂಬೆ ಹಿಡಿದು ಬಂದಳು. "ಎರಡೇ ದಿನ ಕಣೇ. ಪಾಪ, ಇವು ಮಾತಾಡಲ್ಲ, ಊಟ ಕೇಳಲ್ಲ." ಹಾಗೆಂದು ಗೊಂಬೆಗಳನ್ನಿಟ್ಟು ಕೆಳಗೆ ಹೋದವಳು ಮಾತಾಡುವ, ಊಟ ಕೇಳುವ ಅತ್ತೆಯನ್ನು ಕೈಹಿಡಿದು ಕರೆತಂದಳು. "ಮನೆಗೆ ಸುಣ್ಣಬಣ್ಣ ನಡೀತಿದೆ. ಸಂಜೆವರೆಗೂ ಇಲ್ಲೇ ಮಲಗಿರಲಿ. ನಿನ್ನ ಹಾಡು ಕೇಳಿ ನಮ್ಮತ್ತೆ ಕಣ್ಣೀರು ಹಾಕಿದ್ರು, ಗೊತ್ತಾ?"

"ನಾನ್ಯಾವಾಗ್ ಹಾಕಿದ್ನೇ?" ಎಂದಳು ಮುದುಕಿ, ಚಾಪೆ ಬಿಡಿಸುತ್ತ.

ಮಧ್ಯಾಹ್ನದ ಹೊತ್ತಿಗೆ ಕಟ್ಟಡದ ಕಾರ್ಯದರ್ಶಿಯ ಸವಾರಿ ಬಂತು. ಅವನ ಹಿಂದೆ ಸಂಘದ ಟೇಬಲ್ ಟೆನ್ನಿಸ್ ಮೇಜು, ಎರಡು ಹೋಳಾಗಿ. "ಇಡೀ ಕಟ್ಟಡಕ್ಕೇ ಹೆಮ್ಮೆ ಮೇಡಂ! ಇನ್ನು ಮೇಲೆ ಸಂಘದ ಸಭೆಗಳೆಲ್ಲ ನಿಮ್ಮ ಕೋಣೇಲೇ."

"ಅದು ನನ್ನ ಕೋ..." ಎಂದು ಅವಳು ಬಾಯಿ ತೆರೆದಳು.

ಕಾರ್ಯದರ್ಶಿ ಕಣ್ಣು ಮುಚ್ಚಿ ಹಾಡತೊಡಗಿದ. ಡ್ರಮ್ ಮೇಷ್ಟ್ರು ತಾಳ ಹಾಕಿದ. ದರ್ಜಿಯಮ್ಮ ಶ್ರುತಿ ಬಿಟ್ಟು ಸೇರಿಕೊಂಡಳು. ತಾನೇ ಬರೆದ ಸಾಲುಗಳು ಕತ್ತಿನ ಪಟ್ಟಿ ಹಿಡಿದು ತನ್ನನ್ನು ಗೋಡೆಗೊತ್ತಿದಂತೆನಿಸಿತು ಅವಳಿಗೆ. ಹತ್ತೊಂಬತ್ತರ ಹುಡುಗಿ, ಸ್ವಂತದ್ದೊಂದು ಕಪಾಟೂ ಇಲ್ಲದಿದ್ದವಳು, ಎಷ್ಟು ಧಾರಾಳವಾಗಿ ಕೋಣೆ ಹಂಚಿಬಿಟ್ಟಿದ್ದಳಲ್ಲ!

ಗೊಂಬೆಗಳ ನಡುವೆ ಮುದುಕಿ ಗೊರಕೆ ಹೊಡೆಯುತ್ತಿದ್ದಳು. ಕನ್ನಡಕದಕ್ಕ ಒಮ್ಮೆ ಕೋಣೆ ನೋಡಿದಳು, ಒಮ್ಮೆ ಹೊಸ ಚಿಲಕ ನೋಡಿದಳು. ಮನಸ್ಸು ಗಟ್ಟಿ ಮಾಡಿಕೊಂಡಳು.

"ಆ ಹಾಡು ನಾನು ಬರೆದದ್ದಲ್ಲ," ಎಂದಳು.

ತಾಳ ನಿಂತಿತು.

"ರೇಡಿಯೋದಲ್ಲಿ ಮಾತಾಡಿದೋರು ಏನೋ ಗೊಂದಲ ಮಾಡ್ಕೊಂಡಿದಾರೆ. ಅವರ ಕನ್ನಡಕದ ನಂಬರ್ ನನಗೆ ಗೊತ್ತಲ್ಲ, ಎದುರಿಗೆ ನಿಂತಿರೋದು ಗಂಡೋ ಹೆಣ್ಣೋ ಅಂತ ಕಾಣಿಸಲ್ಲ. ನಾನು ಬರೀ ಟೈಪ್ ಮಾಡಿದ್ದು."

ಯಾರಾದರೂ ಒಬ್ಬರು 'ಇಲ್ಲ, ನೀವೇ' ಎನ್ನಬಹುದು ಎಂದು ಒಳಗೊಳಗೇ ಒಂದು ಸಣ್ಣ ಆಸೆಯಿತ್ತು. ಮೂವರೂ ನಿರಾಳವಾಗಿ ಉಸಿರುಬಿಟ್ಟರು.

"ನಾನೂ ಅಂದ್ಕೊಂಡೆ," ಎಂದಳು ದರ್ಜಿಯಮ್ಮ. "ಸೂಜಿ ಕೇಳಿದ್ರೆ ವಾಪಸ್ ಯಾವಾಗ ಕೊಡ್ತೀಯ ಅನ್ನೋಳು, ಇವಳೆಲ್ಲಿ ಅಂಥ ಹಾಡು ಬರೀತಾಳೆ!"

"ಮತ್ತೆ ಬರೆದವರು ಯಾರು?" ಕಾರ್ಯದರ್ಶಿ ಹಣೆ ಉಜ್ಜಿಕೊಂಡ. "ಗಂಡೋ ಹೆಣ್ಣೋ ಕಾಣಿಸಲ್ಲ ಅಂದ್ರಿ... ಅಂದ್ರೆ ಗಂಡು! ನಿಮ್ಮ ಯಜಮಾನ್ರು ಆಗ ಅದೇ ಸ್ಟುಡಿಯೋಗೆ ಟೇಪು ತಂದುಕೊಡ್ತಿದ್ರಲ್ವಾ?"

ಸರಿಯಾಗಿ ಆಗಲೇ ಗಂಡ ಕೆಲಸದಿಂದ ಬಂದ. ಒಂದು ಕಾಲಿನ ಶೂ ಬಿಚ್ಚುವಷ್ಟರಲ್ಲಿ ಡ್ರಮ್ ಮೇಷ್ಟ್ರು ಅವನನ್ನು ತಬ್ಬಿಕೊಂಡಿದ್ದ.

"ಸಾರ್, ಆ ಹಾಡು ಬರೆದದ್ದು ನೀವೇ ಅಂತೆ! ಹೌದೋ ಅಲ್ಲವೋ?"

ಗಂಡ ಹೆಂಡತಿಯ ಮುಖ ನೋಡಿದ. ಯಾರು ಬರೆದದ್ದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮೂವತ್ತು ವರ್ಷದ ಸಂಸಾರದಲ್ಲಿ ಅವನನ್ನು ಯಾರೂ ಹೀಗೆ ತಬ್ಬಿಕೊಂಡಿರಲಿಲ್ಲ. ಕಿವಿಯವರೆಗೂ ಕೆಂಪಾಗಿ, ಬಿಚ್ಚಿದ ಶೂ ಎದೆಗವಚಿಕೊಂಡು, "ಅಯ್ಯೋ, ಅದೇನು ದೊಡ್ಡದಲ್ಲ ಬಿಡಿ" ಎಂದ.

"ಸುಳ್ಳು! ಬರೆದದ್ದು ನಾನು!" ಕನ್ನಡಕದಕ್ಕ ಕೂಗಿದಳು.

"ಈಗ ತಾನೆ ಅಲ್ಲ ಅಂದ್ಯಲ್ಲೇ?" ಎಂದಳು ದರ್ಜಿಯಮ್ಮ. "ಕಟ್ಕೊಂಡ ಗಂಡನ ಮೇಲೂ ಹೊಟ್ಟೆಕಿಚ್ಚಾ?"

ಆಮೇಲೆ ನಡೆದದ್ದು ಅಚ್ಚುಕಟ್ಟಾದ ಕೆಲಸ. ಕವಿಗೆ ಏಕಾಂತ ಬೇಕು ಎಂದು ಕಾರ್ಯದರ್ಶಿ ಸಾರಿದ. ಡ್ರಮ್ಮು ಮೇಲೆ ಹೋಯಿತು. ಗೊಂಬೆಗಳೂ ಮುದುಕಿಯೂ ಕೆಳಗಿಳಿದರು. ಟೆನ್ನಿಸ್ ಮೇಜಿನ ಒಂದು ಹೋಳನ್ನು ಮಾತ್ರ ಕಿಟಕಿಯ ಪಕ್ಕ ಉಳಿಸಿ, ಅದರ ಮುಂದೆ ಕುರ್ಚಿಯಿಟ್ಟು, ಕುರ್ಚಿಯಲ್ಲಿ ಗಂಡನನ್ನಿಟ್ಟರು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

"ಏನ್ರೀ, ಎಲ್ಲಿದೀರ?" ಎಂದು ಅವಳು ಎರಡು ಸಲ ಕೂಗಿದಳು. ಉತ್ತರವಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ಬೆರಳಗಲ ತೆರೆಯಿತು. ಗಂಡನ ಮುಖ ಹಿಂಡಿದ ಬಟ್ಟೆಯಂತಾಗಿತ್ತು.

"ಕೋಪ ಮಾಡ್ಕೋಬೇಡ ಕಣೇ. ಕಾರ್ಯದರ್ಶಿ ರೇಡಿಯೋದವರಿಗೆ ಫೋನ್ ಮಾಡ್ಬಿಟ್ಟಿದಾನೆ. ಬೆಳಿಗ್ಗೆ ಹೊಸ ಹಾಡು ಬೇಕಂತೆ. ಅನಾಥ ಮಕ್ಕಳ ಆಸ್ಪತ್ರೆಯ ನೆರವಿಗೆ. ನನಗೆ ಒಂದಕ್ಷರ ಹೊಳೀತಿಲ್ಲ." ಬಾಗಿಲ ಸಂದಿಯಿಂದ ಒಂದು ಹಾಳೆ, ಒಂದು ಪೆನ್ನು ಹೊರಬಂದವು. "ನಾಲ್ಕೇ ಸಾಲು. ಒಳಗೆ ಬರಬೇಡ, ಯಾರಾದ್ರೂ ನೋಡಿದ್ರೆ ಕಷ್ಟ. ಅಡುಗೆಮನೇಲೇ ಬರಿ, ಆಯ್ತಾ?"

ಅವಳು ಹಾಳೆಯನ್ನು ಹರಿಯಬೇಕೆಂದೇ ಕೈಗೆತ್ತಿಕೊಂಡಳು. ಆಸ್ಪತ್ರೆಯ ಮಕ್ಕಳ ನೆನಪಾಯಿತು. ಒಲೆಯ ಪಕ್ಕದ ಕಲ್ಲಿನ ಮೇಲಿದ್ದ ಪಾತ್ರೆ ಸರಿಸಿ, ನಿಂತೇ ಒಂದು ಸಾಲು ಬರೆದಳು. ಚೆನ್ನಾಗಿ ಬಂತು. ಎರಡನೆಯದು ಅದಕ್ಕಿಂತ ಚೆನ್ನಾಗಿ ಬಂತು. ಇಡೀ ದಿನದಲ್ಲಿ ಅವಳಿಗೆ ನಿಜವಾದ ಸಿಟ್ಟು ಬಂದದ್ದು ಆಗಲೇ.