ಭಾವನವರ ಕಾಗದದ ತೊಟ್ಟಿಲು

ನಮ್ಮ ಭಾವನವರ ಮುಂದೆ ಸ್ವೀಟ್ ಡಬ್ಬಿ ಇಡಬೇಡಿ. ಸ್ವೀಟು ಉಳಿಯುತ್ತದೆ, ಡಬ್ಬಿ ಉಳಿಯುವುದಿಲ್ಲ!

ಭಾವನವರೆಂದರೆ ನಮ್ಮಕ್ಕನ ಗಂಡ. ಜೆ.ಪಿ. ನಗರದಲ್ಲಿ ಅವರು ಮಹಡಿಯ ಮೇಲೆ, ನಾವು ಕೆಳಗೆ. ಜರಗನಹಳ್ಳಿಯ ಒಂದು ತಗಡಿನ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮೇಲೆ ಡ್ರಾಯಿಂಗ್ ಹಾಕುವುದು ಅವರ ಕೆಲಸ. ತಗಡಿನ ಪೆಟ್ಟಿಗೆಯನ್ನು ಪರದೆಯ ಮೇಲೆ ಬಿಚ್ಚಿ ಹಪ್ಪಳದಂತೆ ಹರಡಿದರೆ ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು ಎಂದು ಗೊತ್ತಾಗುತ್ತದಂತೆ. ಅದಕ್ಕೆ ಫ್ಲಾಟ್ ಪ್ಯಾಟರ್ನ್ ಎನ್ನುತ್ತಾರೆ. ಕೆಲವು ಪೆಟ್ಟಿಗೆಗಳು ಬಿಚ್ಚಿಕೊಳ್ಳುವುದೇ ಇಲ್ಲವೆಂದು ಹಟ ಹಿಡಿಯುತ್ತವೆ. ಅಂದು ಭಾವನವರಿಗೆ ಅನ್ನ ಸೇರುವುದಿಲ್ಲ!

ಬಿಚ್ಚಿಕೊಂಡರೂ ಭಯವೇ. ಪ್ರಿಂಟು ತೆಗೆದು, ಕತ್ತರಿಸಿ, ಕಾಗದದಲ್ಲಿ ಮಡಿಸಿ ನೋಡದೆ ಯಾವ ಡ್ರಾಯಿಂಗನ್ನೂ ಮೆಷಿನ್ನಿಗೆ ಕಳಿಸುವವರಲ್ಲ. ಮಕ್ಕಳಿಲ್ಲದ ಮನೆ, ಆದರೂ ನೆಲದ ತುಂಬ ಕತ್ತರಿ, ಗೋಂದು, ಕಾಗದದ ಚೂರು. ನೋಡಿದವರು ನಾಲ್ವರು ತುಂಟರಿದ್ದಾರೆ ಎಂದುಕೊಳ್ಳಬೇಕು! ಒಮ್ಮೆ ನೆಂಟರು ತಂದ ಮೈಸೂರುಪಾಕನ್ನು ಅವರೆದುರೇ ತಟ್ಟೆಗೆ ಸುರಿದು, ಡಬ್ಬಿಯನ್ನು ಬಿಚ್ಚಿ ಹರಡಿದರು.

"ಆಹಾ! ಮೂಲೆ ನೋಡಿ, ಎಷ್ಟು ಅಚ್ಚುಕಟ್ಟು!"

"ಒಂದು ಪೀಸ್ ಬಾಯಿಗೆ ಹಾಕ್ಕೊಳ್ಳಿ ಸಾರ್," ಎಂದರು ನೆಂಟರು, ಮುಖ ಸಣ್ಣದು ಮಾಡಿಕೊಂಡು.

ಶನಿವಾರ ಬಂತೆಂದರೆ ಅಕ್ಕ ಆ ಡಬ್ಬಿ, ಕಾಗದದ ಪೆಟ್ಟಿಗೆಗಳನ್ನೆಲ್ಲ ಒಟ್ಟು ಮಾಡಿ ಕಸಕ್ಕೆ ಹಾಕುವಳು.

ಅಂಥದೊಂದು ಶನಿವಾರ. ಮಕ್ಕಳ ಆಸ್ಪತ್ರೆಯೊಂದರ ತೊಟ್ಟಿಲುಗಳ ಡ್ರಾಯಿಂಗ್ ವಾರವೆಲ್ಲ ಹಟ ಹಿಡಿದಿತ್ತು. ಮೂಲೆಯಲ್ಲಿ ಎರಡು ಅಂಚುಗಳು ಒಂದರ ಮೇಲೊಂದು ಹತ್ತಿದ್ದವಂತೆ. ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಾಗ ತೊಟ್ಟಿಲು ಬಿಚ್ಚಿಕೊಂಡಿತು. ಓನರ್ ತಲೆಯ ಮೇಲೇ ನಿಂತಿದ್ದ ಕಾರಣ, ಅದೊಂದು ದಿನ ಮಾತ್ರ ಮಡಿಸಿ ನೋಡದೆ ಕಳಿಸಿ, ಅರ್ಧ ದಿನಕ್ಕೇ ಮನೆಗೆ ಬಂದರು.

ಊಟವಾದ ಮೇಲೆ ಕೈ ಸುಮ್ಮನಿದ್ದೀತೆ? ತಂದಿದ್ದ ಪ್ರಿಂಟನ್ನು ಕತ್ತರಿಸಿ ಮಡಿಸಿದರು. ನಾನು ಕಾಫಿ ಲೋಟ ಇಡುವಾಗ ನೋಡಿದರೆ ಅವರ ಮುಖದಲ್ಲಿ ರಕ್ತವೇ ಇಲ್ಲ!

"ಎಲ್ಲಾ ಗೆರೆಗೂ 'ಮೇಲಕ್ಕೆ ಮಡಿಸಿ' ಅಂತ ಬರೆದುಬಿಟ್ಟಿದೀನಮ್ಮಾ. ಅಂಚಿನ ಈ ಪಟ್ಟಿ ಕೆಳಕ್ಕೆ ಹೋಗ್ಬೇಕಿತ್ತು. ಈಗ ತಗಡಿನ ಹರಿತ ಮಗು ಕಡೆಗೇ ತಿರುಗುತ್ತೆ!"

ಫೋನು ಮಾಡಿದರೆ ರಿಂಗೋ ರಿಂಗು. ಮೆಷಿನ್ನುಗಳ ಗದ್ದಲದಲ್ಲಿ ಅಲ್ಲಿ ಯಾರಿಗೆ ಕೇಳಬೇಕು? ಅಕ್ಕ ನನ್ನನ್ನೂ ಹೊರಡಿಸಿದಳು. "ಜೊತೇಲಿ ಹೋಗೇ, ದಾರೀಲಿ ಬಿದ್ದುಗಿದ್ದಾರು."

ಆಟೋದಲ್ಲಿ ಭಾವನವರು, ತೊಡೆಯ ಮೇಲೆ ಕಾಗದದ ತೊಟ್ಟಿಲು, ಕಾಲಿಗೆ ಒಂದು ಅವರದು, ಒಂದು ಅಕ್ಕನದು ಚಪ್ಪಲಿ.

"ಅಣ್ಣಾ, ಸ್ವಲ್ಪ ಬೇಗ!"

"ಕನಕಪುರ ರೋಡ್ ಸಾರ್ ಇದು, ಹಾರಿಸ್ಲಾ?"

"ಅಷ್ಟರಲ್ಲಿ ಎಲ್ಲಾ ಮಡಿಸಿಬಿಟ್ಟಿದ್ರೆ?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು? ಚಪಾತಿ ಮಡಿಸುವವಳು ನಾನು! ಆದರೂ ಡ್ರೈವರಿಗೆ ನಾನೂ 'ಬೇಗ, ಬೇಗ' ಎಂದೆ.

ಕಾರ್ಖಾನೆಯ ಬಾಗಿಲಲ್ಲೇ ಭಾವನವರು "ನಿಲ್ಸೀ!" ಎಂದು ಕೂಗಿದ ಕೂಗಿಗೆ ಮೆಷಿನ್ನುಗಳೂ ಹೆದರಿ ನಿಂತವೋ ಏನೋ.

ವಿಷಯ ಕೇಳಿದ ಓನರ್ ತಲೆ ಚಚ್ಚಿಕೊಂಡರು. "ಒಂದು ಮಡಿಸಾಯ್ತಲ್ಲ ಸಾರ್! ಒಂದು ತಗಡು ಹಾಳು!"

"ಒಂದೇನಾ? ಒಂದೇನಾ ಸಾರ್?" ಭಾವನವರು ಲಾಟರಿ ಹೊಡೆದವರಂತೆ ನಕ್ಕರು. ಆಮೇಲೆ ಆ ತಗಡಿನ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಚುರ್ರೆಂದು ರಕ್ತ.

"ಅಯ್ಯೋ, ಇಂಜೆಕ್ಷನ್ ಹಾಕಿಸ್ಕೊಳ್ಳಿ ಸಾರ್!" ಎಂದರು ಓನರ್.

"ಹಾಕಿಸ್ಕೋತೀನಿ. ಇದನ್ನ ಗುಜರಿಗೆ ಹಾಕ್ಬೇಡಿ. ನನ್ನ ಟೇಬಲ್ ಮೇಲೇ ಇರಲಿ," ಎಂದರು ಭಾವನವರು. ಗೆರೆಯ ಮೇಲಿನ ಬರಹ ತಿದ್ದಿ, ಹೊಸ ಪ್ರಿಂಟು ಕೊಟ್ಟು, ಅದನ್ನೂ ಅಲ್ಲೇ ಮಡಿಸಿ ನೋಡಿದ ಮೇಲೆಯೇ ಹೊರಟದ್ದು.

ಮನೆಗೆ ಬಂದಾಗ ಅಕ್ಕ ಡಬ್ಬಿಗಳನ್ನೆಲ್ಲ ಕಸದ ಚೀಲಕ್ಕೆ ತುಂಬುತ್ತಿದ್ದಳು. ಭಾವನವರು ಹೊಸ ಕಾಗದದ ತೊಟ್ಟಿಲನ್ನು ತಾವಾಗಿಯೇ ಅವಳ ಕೈಗಿಟ್ಟರು. ಅಕ್ಕ ಅದರ ಅಂಚಿನ ಸುತ್ತ ಬೆರಳಾಡಿಸಿದಳು.

"ಚುಚ್ಚುತ್ತಾ?" ಎಂದು ಕೇಳಿದರು ಭಾವನವರು.

"ಇಲ್ಲ."

ಚೀಲವನ್ನು ಗೋಡೆಗೆ ಒರಗಿಸಿ, ಅಕ್ಕ ಸೊಂಟದ ಕರ್ಚೀಫು ತೆಗೆದು, ಸಣ್ಣಗೆ ಮಡಿಸಿ, ತೊಟ್ಟಿಲಿನೊಳಗೆ ಹಾಸಿದಳು.