ಡೆನಿಸನ ಗುಡ್ಡೆಯ ತಾರೆ ಮರ

ಕಾರ್ಕಳದಾಚೆ, ಘಟ್ಟದ ಬುಡದಲ್ಲಿ ಕರುಣಾಕರನ ಜಾಗ. ಅಲ್ಲಿನ ಧೂಪದ ಮರದ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿಯೊಂದು ಒಳಗಿನಿಂದ ಬಾಯಿ ಮೆತ್ತಿ ಮುಚ್ಚಿಕೊಂಡು, ಸಣ್ಣ ಸೀಳೊಂದನ್ನು ಬಿಟ್ಟು, ಕಾವಿಗೆ ಕೂತಿತ್ತು. ಆ ಸೀಳಿನಿಂದ ಗಂಡು ಹಣ್ಣು ತಂದು ತಿನ್ನಿಸಬೇಕು. ಇಲ್ಲದಿದ್ದರೆ ಒಳಗಿದ್ದವರಿಗೆ ಉಪವಾಸ. ಗುಟ್ಟಾಗಿಡಬೇಕಾದ ಸಂಗತಿ. ಕರುಣಾಕರ ಅದನ್ನು ಶನಿವಾರ ಸಂಜೆ ಫೋಟೋ ಸಮೇತ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ.

ಬೆಳಗಾದರೆ ಅಂಗಳದ ತುಂಬ ಮಣಿಪಾಲದ ಕಾರುಗಳು. ಮೊದಲು ಇಳಿದವನು ಕರುಣಾಕರನ ಹೆಂಡತಿ ಚಂಪಾಳ ಅಕ್ಕನ ಮಗ ವಿಕಾಸ್. ಹಿಂದೆ ಅವನ ಗೆಳೆಯರು, ಹೆಗಲಲ್ಲಿ ಒನಕೆಯಂಥ ಕ್ಯಾಮೆರಾಗಳು.

"ಚಿಕ್ಕಪ್ಪ, ಮರ ಎಲ್ಲಿ ಉಂಟು?"

"ಎಂತಕ್ಕೆ ಮಾರಾಯ? ಜನ ಕಂಡರೆ ಗಂಡು ಹತ್ತಿರ ಬರುವುದಿಲ್ಲ."

"ನಾವು ಉಸಿರೂ ಬಿಡುವುದಿಲ್ಲ" ಎಂದ ವಿಕಾಸ್, ಪಕ್ಕದ ಊರಿಗೂ ಕೇಳುವ ಹಾಗೆ.

ಚಂಪಾ ಎಲ್ಲರಿಗೂ ನೀರುದೋಸೆ ಬಡಿಸುತ್ತ, "ಅಷ್ಟು ದೂರದಿಂದ ಬಂದಿದ್ದಾರೆ, ತೋರಿಸಬಾರದಾ?" ಎಂದಳು.

ಸಿಕ್ಕಿಬಿದ್ದ ಕರುಣಾಕರನಿಗೆ ಸುಳ್ಳೊಂದು ಹೊಳೆಯಿತು. "ಇಲ್ಲಿ ಅಲ್ಲ. ಮೇಲೆ ಡೆನಿಸನ ಗುಡ್ಡೆಯಲ್ಲಿ, ತೋಡು ದಾಟಿದ ಮೇಲೆ ಒಂದು ತಾರೆ ಮರ ಉಂಟು. ಅದರಲ್ಲಿ."

ನೆರೆಮನೆಯ ಡೆನಿಸ್ ಮದುವೆಗೆಂದು ಕಟಪಾಡಿಗೆ ಹೋಗಿದ್ದ. ಗುಂಪು ಗುಡ್ಡೆ ಹತ್ತಿತು. ಆಮೇಲೂ ಜನ ಬರುತ್ತಲೇ ಇದ್ದರು. ಕೆಲವರು ಮಕ್ಕಳನ್ನೂ ಚಾಪೆಯನ್ನೂ ತಂದಿದ್ದರು, ಒಬ್ಬ ಡ್ರೋನ್ ತಂದಿದ್ದ. ಕರುಣಾಕರ ಗೇಟಿನಲ್ಲಿ ಟ್ರಾಫಿಕ್ ಪೊಲೀಸನಂತೆ ನಿಂತು ಎಲ್ಲರನ್ನೂ ಮೇಲಕ್ಕೆ ತಿರುಗಿಸಿದ. ಮಧ್ಯಾಹ್ನ ಮೆಲ್ಲನೆ ಹೋಗಿ ನೋಡಿದರೆ ಅವನ ಮರದಲ್ಲಿ ಗಂಡು ಹಕ್ಕಿ ನೆಮ್ಮದಿಯಾಗಿ ಹಣ್ಣು ಕೊಡುತ್ತಿತ್ತು. ತನ್ನ ಬುದ್ಧಿಗೆ ತಾನೇ ಮೆಚ್ಚಿ, ಬಂದು ಎರಡು ಬಾರಿ ಊಟ ಬಡಿಸಿಕೊಂಡ.

ಸಂಜೆ ಕಾರುಗಳೆಲ್ಲ ಹೋದ ಮೇಲೆ ಡೆನಿಸ್ ಬಂದ. ಮದುವೆಯ ಅಂಗಿಗೆಲ್ಲ ಮುಳ್ಳು ಹತ್ತಿತ್ತು. ಜಗಲಿಯಲ್ಲಿ ಕೂತು ಒಂದೊಂದಾಗಿ ಕೀಳತೊಡಗಿದ.

"ನಿನಗೆ ಹೇಗೆ ಗೊತ್ತಾಯಿತು?"

"ಎಂತದು?"

"ಆ ತಾರೆ ಮರದಲ್ಲಿ ಗೂಡು ಇರುವುದು. ನಾನು ಬ್ರೆಂಡಾಗೂ ಹೇಳಿರಲಿಲ್ಲ. ಹೆಂಡತಿಗೆ ಹೇಳಿದರೆ ಇಗರ್ಜಿಗೆಲ್ಲ ಗೊತ್ತಾಗ್ತದೆ ಅಂತ."

ಕರುಣಾಕರ ತಿರುಗಿ ಗುಡ್ಡೆಯ ಕಡೆ ನೋಡಿದ.

"ನಾನು ಬರುವಾಗ ಬುಡದಲ್ಲಿ ಜಾತ್ರೆಯಷ್ಟು ಜನ" ಎಂದ ಡೆನಿಸ್. "ನೀನೇ ಕಳಿಸಿದ್ದು ಅಂದರು. ಎಲ್ಲರನ್ನೂ ಓಡಿಸಿದೆ. ಗಂಡು ಹಣ್ಣು ಕಚ್ಚಿಕೊಂಡು ದೂರದಲ್ಲೇ ಸುತ್ತಿ ಸುತ್ತಿ ಘಟ್ಟದ ಕಡೆ ಹೋಯಿತು. ಬೆಳಿಗ್ಗಿನಿಂದ ಒಳಗಿನದಕ್ಕೆ ಎಂತದೂ ಸಿಕ್ಕಿರಲಿಕ್ಕಿಲ್ಲ."

ತಾನು ಹೇಳಿದ್ದು ಸುಳ್ಳು ಎನ್ನೋಣವೆಂದರೆ, ಅದು ಸುಳ್ಳಾಗಿರಲೇ ಇಲ್ಲ. ನಿಜ ಎನ್ನೋಣವೆಂದರೆ, ಅಲ್ಲಿ ಗೂಡಿರುವುದು ಅವನಿಗೆ ಗೊತ್ತೇ ಇರಲಿಲ್ಲ.

ಡೆನಿಸ್ ಎದ್ದ. "ನಾಳೆ ಬೆಳಕಾಗುವಾಗ ಬಾ. ದೂರ ನಿಂತು ನೋಡುವ, ಗಂಡು ತಿರುಗಿ ಬರ್ತದಾ ಅಂತ."